ಇಪ್ಪತ್ನಾಲ್ಕು ಪದಗಳ ಹಿಂದಿನ ನಷ್ಟಗಳು

ಕ್ರಿಪ್ಟೊ ಹಣ ಇಟ್ಟುಕೊಂಡವರು ಬಳಸುವ ಹಾರ್ಡ್‌ವೇರ್ ವಾಲೆಟ್ ಎಂಬ ಪುಟ್ಟ ಸಾಧನದ ಡಬ್ಬಿಯಲ್ಲಿ ಸಾಮಾನ್ಯವಾಗಿ ಒಂದು ಖಾಲಿ ಕಾರ್ಡೂ ಇರುತ್ತದೆ. ಅದರ ಮೇಲೆ ಒಂದರಿಂದ ಇಪ್ಪತ್ನಾಲ್ಕರವರೆಗೆ ಅಂಕಿಗಳು, ಪ್ರತಿ ಅಂಕಿಯ ಮುಂದೆ ಒಂದು ಗೆರೆ. ಸಾಧನವನ್ನು ಮೊದಲ ಸಲ ಚಾಲೂ ಮಾಡಿದಾಗ ಅದು ತನ್ನ ಪರದೆಯ ಮೇಲೆ ಒಂದೊಂದೇ ಇಂಗ್ಲಿಷ್ ಪದ ತೋರಿಸುತ್ತ ಹೋಗುತ್ತದೆ. ಸಾಧನ ಕೆಟ್ಟರೂ ಕಳೆದರೂ ಹಣ ಮರಳಿ ಪಡೆಯಲು ಬೇಕಾಗುವ ಆ ಪದಗಳನ್ನು ಅದೇ ಕ್ರಮದಲ್ಲಿ ಪೆನ್ನಿನಿಂದ ಬರೆದುಕೊಳ್ಳಬೇಕು. ಫೋಟೊ ತೆಗೆಯಬಾರದು, ಕಂಪ್ಯೂಟರಿನಲ್ಲಿ ಟೈಪ್ ಮಾಡಬಾರದು, ಕಂಪನಿಯವರೇ ಕೇಳಿದರೂ ಹೇಳಬಾರದು, ಡಬ್ಬಿಯೊಳಗೆ ಪದಗಳು ಮೊದಲೇ ಅಚ್ಚಾಗಿದ್ದರೆ ಆ ಸಾಧನವನ್ನು ಬಳಸಲೇಬಾರದು. ಹೊಸಬರಿಗೆ ಇದೆಲ್ಲ ಅತಿಯಾದ ಅಂಜಿಕೆ ಎನ್ನಿಸುವುದು ಸಹಜ. ಆದರೆ ಈ ನಿಯಮಗಳನ್ನು ಯಾರೋ ಒಬ್ಬರು ಮೇಜಿನ ಮುಂದೆ ಕೂತು ಯೋಚಿಸಿ ಬರೆದದ್ದಲ್ಲ. ಕಳೆದ ಹದಿನೈದು ವರ್ಷಗಳಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹಣ ಕಳೆದುಕೊಂಡ ಮೇಲೆ ಒಂದೊಂದಾಗಿ ಸೇರಿದ ನಿಯಮಗಳಿವು. ಆ ನಷ್ಟಗಳ ಚರಿತ್ರೆ ಗೊತ್ತಿಲ್ಲದಿದ್ದರೆ ಯಾವ ನಿಯಮವನ್ನು ಸಡಿಲಿಸಬಹುದು, ಯಾವುದನ್ನು ಸಡಿಲಿಸಬಾರದು ಎಂಬುದು ತಿಳಿಯುವುದಿಲ್ಲ. ಸಾಧನದ ಚಿಪ್ ಎಷ್ಟು ಗಟ್ಟಿ ಎಂಬ ಚರ್ಚೆಯೇ ಎಲ್ಲೆಡೆ ನಡೆಯುತ್ತದೆ. ಆದರೆ ಕಾಪಾಡುವುದಾಗಲಿ ಕೈಬಿಡುವುದಾಗಲಿ ಬಹುಮಟ್ಟಿಗೆ ಆ ಕಾರ್ಡಿನ ಸುತ್ತಲಿನ ನಡವಳಿಕೆ ಎಂಬುದು ನನ್ನ ವಾದ.

ಮೊದಲು ಒಂದು ತಪ್ಪು ತಿಳಿವಳಿಕೆ ಸರಿಪಡಿಸಬೇಕು. ಈ ಸಾಧನದೊಳಗೆ ಹಣ ಇರುವುದಿಲ್ಲ. ಯಾವ ವಿಳಾಸದಲ್ಲಿ ಎಷ್ಟು ಬಿಟ್‌ಕಾಯಿನ್ ಇದೆ ಎಂಬ ಲೆಕ್ಕ ಜಗತ್ತಿನಾದ್ಯಂತ ಹರಡಿರುವ ಸಾವಿರಾರು ಕಂಪ್ಯೂಟರುಗಳಲ್ಲಿ ಬಹಿರಂಗವಾಗಿಯೇ ಇದೆ. ಅದನ್ನು ಇನ್ನೊಬ್ಬರಿಗೆ ದಾಟಿಸಲು ಬೇಕಾದದ್ದು ಒಂದು ಡಿಜಿಟಲ್ ಸಹಿ, ಆ ಸಹಿ ಹಾಕಲು ಬೇಕಾದದ್ದು ಖಾಸಗಿ ಕೀ ಎಂಬ ಒಂದು ಭಾರಿ ಸಂಖ್ಯೆ. ಹಿಂದೆ ಅರಸರ ಕಾಲದಲ್ಲಿ ಖಜಾನೆ ಎಲ್ಲಿದೆ ಎಂದು ಊರಿಗೆಲ್ಲ ಗೊತ್ತಿದ್ದರೂ ಆಜ್ಞೆಗೆ ಒತ್ತುವ ಮುದ್ರೆಯುಂಗುರ ಒಬ್ಬರ ಬೆರಳಿನಲ್ಲಷ್ಟೇ ಇರುತ್ತಿತ್ತು. ಹಾರ್ಡ್‌ವೇರ್ ವಾಲೆಟ್ ಆ ಉಂಗುರಕ್ಕೆ ಸಮ. ಕದ್ದವನು ಒಮ್ಮೆ ಸಹಿ ಹಾಕಿದರೆ ಮುಗಿಯಿತು. ತಡೆಹಿಡಿಯಲು ಬ್ಯಾಂಕ್ ಮ್ಯಾನೇಜರಿಲ್ಲ, ಹಿಂದಿರುಗಿಸುವ ವ್ಯವಸ್ಥೆಯಿಲ್ಲ.

2009ರ ಜನವರಿಯಲ್ಲಿ ಬಿಟ್‌ಕಾಯಿನ್ ಶುರುವಾದಾಗ ಈ ಕೀಗಳೆಲ್ಲ ಬಳಕೆದಾರರ ಕಂಪ್ಯೂಟರಿನ ಒಂದು ಸಾಧಾರಣ ಕಡತದಲ್ಲಿ, ಯಾವ ಬೀಗವೂ ಇಲ್ಲದೆ ಕೂತಿದ್ದವು. ನಾಣ್ಯಕ್ಕೆ ಬೆಲೆಯೇ ಇಲ್ಲದಿದ್ದಾಗ ಅದು ಯಾರನ್ನೂ ಕಾಡಲಿಲ್ಲ. 2011ರ ಜೂನ್‌ನಲ್ಲಿ ಒಬ್ಬ ಬಳಕೆದಾರನ ವಿಂಡೋಸ್ ಕಂಪ್ಯೂಟರಿನಿಂದ 25,000 ಬಿಟ್‌ಕಾಯಿನ್ ಕಳವಾದವು. ಆಗಿನ ಬೆಲೆಯಲ್ಲೇ ಅದು ಸುಮಾರು ಐದು ಲಕ್ಷ ಡಾಲರ್. ಮೂರು ತಿಂಗಳಲ್ಲಿ, ಸೆಪ್ಟೆಂಬರಿನಲ್ಲಿ, ಬಿಟ್‌ಕಾಯಿನ್ ತಂತ್ರಾಂಶದ ಹೊಸ ಆವೃತ್ತಿ ಆ ಕಡತಕ್ಕೆ ಪಾಸ್‌ವರ್ಡ್ ಹಾಕುವ ಸೌಲಭ್ಯ ತಂದಿತು. ಅದು ಅರ್ಧ ಪರಿಹಾರ ಮಾತ್ರ. ಹಣ ಕಳಿಸುವ ಹೊತ್ತಿಗೆ ಪಾಸ್‌ವರ್ಡ್ ಒತ್ತಲೇಬೇಕು, ಕೀ ಕಂಪ್ಯೂಟರಿನ ಮೆಮೊರಿಯಲ್ಲಿ ಬಿಚ್ಚಿಕೊಳ್ಳಲೇಬೇಕು. ಕಂಪ್ಯೂಟರಿನೊಳಗೆ ಹೊಂಚು ಹಾಕಿದ ತಂತ್ರಾಂಶಕ್ಕೆ ಆ ಒಂದು ಕ್ಷಣ ಸಾಕು. 2012ರ ಮಾರ್ಚಿನಲ್ಲಿ ಲಿನೋಡ್ ಎಂಬ ಕಂಪನಿಯ ಬಾಡಿಗೆ ಸರ್ವರ್‌ಗಳಿಗೆ ಕನ್ನ ಬಿದ್ದಾಗ ಕಳೆದುಕೊಂಡವರಲ್ಲಿ ಝೆಕ್ ದೇಶದ ಮಾರೆಕ್ ಪಲಾಟಿನುಸ್ ಒಬ್ಬರು. ಹಲವರು ಕೂಡಿ ಹೊಸ ಬಿಟ್‌ಕಾಯಿನ್ ಗಳಿಸುವ ಜಗತ್ತಿನ ಮೊದಲ ಮೈನಿಂಗ್ ಪೂಲ್ ನಡೆಸುತ್ತಿದ್ದ ಅವರಿಗೆ ಮೂರು ಸಾವಿರಕ್ಕೂ ಹೆಚ್ಚು ಬಿಟ್‌ಕಾಯಿನ್ ಹೋಯಿತು. ಕಂಪ್ಯೂಟರ್ ವಿದ್ಯೆ ಬಲ್ಲವರೇ ಹೀಗೆ ಕಳೆದುಕೊಂಡ ಮೇಲೆ ಉಳಿದ ತೀರ್ಮಾನ ಒಂದೇ: ಇಂಟರ್‌ನೆಟ್ಟಿಗೆ ತೆರೆದುಕೊಂಡ ಯಾವ ಕಂಪ್ಯೂಟರಿನ ಕೈಗೂ ಕೀ ಕೊಡಕೂಡದು. ಪಲಾಟಿನುಸ್ ಮತ್ತು ಪಾವೊಲ್ ರುಸ್ನಾಕ್ ಪ್ರಾಗ್‌ನಲ್ಲಿ ಕಟ್ಟಿದ ಸತೋಶಿಲ್ಯಾಬ್ಸ್ 2014ರಲ್ಲಿ ಟ್ರೆಜರ್ ಎಂಬ ಸಾಧನವನ್ನು ಗ್ರಾಹಕರಿಗೆ ಕಳಿಸಲು ಶುರುಮಾಡಿತು.

ಗುಟ್ಟಿನ ಸಂಖ್ಯೆಯನ್ನು ಬೇರೆಯದೇ ಪೆಟ್ಟಿಗೆಯಲ್ಲಿಟ್ಟು ಲೆಕ್ಕವನ್ನೂ ಅದರೊಳಗೇ ಮಾಡಿಸುವ ಯೋಚನೆ ಇವರದ್ದೇನೂ ಅಲ್ಲ. ಈಜಿಪ್ಟಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಮೊಹಮ್ಮದ್ ಅಟಲ್ಲಾ 1970ರ ದಶಕದಲ್ಲಿಯೇ ಬ್ಯಾಂಕುಗಳ ಪಿನ್ ಕಾಯುವ ಇಂಥ ಯಂತ್ರ ಮಾಡಿದ್ದರು. ಫ್ರಾನ್ಸಿನಲ್ಲಿ ರೋಲಾನ್ ಮೊರೆನೊ 1974ರಲ್ಲಿ ಚಿಪ್ ಇರುವ ಕಾರ್ಡಿನ ಕಲ್ಪನೆಗೆ ಪೇಟೆಂಟ್ ಪಡೆದರು, 1990ರ ದಶಕದ ಆರಂಭದ ಹೊತ್ತಿಗೆ ಆ ದೇಶದ ಬ್ಯಾಂಕ್ ಕಾರ್ಡುಗಳಲ್ಲೆಲ್ಲ ಚಿಪ್ ಬಂದಿತ್ತು. ಪ್ಯಾರಿಸ್‌ನಲ್ಲಿ 2014ರಲ್ಲಿ ಹುಟ್ಟಿದ ಲೆಡ್ಜರ್ ಕಂಪನಿ ಈ ಫ್ರೆಂಚ್ ಕಸುಬಿನ ನೇರ ವಾರಸುದಾರ: ಬ್ಯಾಂಕ್ ಕಾರ್ಡಿನ ಬಗೆಯ ಭದ್ರ ಚಿಪ್, ಅದರೊಳಗಿನ ವಿವರ ಹೊರಗಿನವರಿಗೆ ಮುಚ್ಚಿದ ಪುಸ್ತಕ. ಪ್ರಾಗ್‌ನವರು ಹಿಡಿದದ್ದು ಇದಕ್ಕೆ ಎದುರಾದ ದಾರಿ. ಆಗ ಅವರದು ಸಾಧಾರಣ ಚಿಪ್, ಆದರೆ ತಂತ್ರಾಂಶವೂ ಸರ್ಕ್ಯೂಟಿನ ನಕ್ಷೆಯೂ ಯಾರು ಬೇಕಾದರೂ ನೋಡಬಹುದಾದಂಥವು. ಲೆಡ್ಜರ್‌ನ ಮೊದಲ ನ್ಯಾನೊ ಸಾಧನಕ್ಕೆ ಪರದೆಯೇ ಇರಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಚಿಪ್ ಭದ್ರವಾಗಿದ್ದರೂ ತಾನು ಏನಕ್ಕೆ ಸಹಿ ಹಾಕುತ್ತಿದ್ದೇನೆ ಎಂಬುದನ್ನು ಬಳಕೆದಾರ ನಂಬಲಾರದ ಕಂಪ್ಯೂಟರಿನ ಪರದೆಯಲ್ಲೇ ನೋಡಬೇಕಿತ್ತು. 2016ರ ನ್ಯಾನೊ ಎಸ್ ಮಾದರಿಯಲ್ಲಿ ಎರಡು ಗುಂಡಿ, ಒಂದು ಪುಟ್ಟ ಪರದೆ ಬಂದವು. ಆ ಪರದೆ ಎಷ್ಟು ಮುಖ್ಯ ಎಂಬುದು ಜಗತ್ತಿಗೆ ಪೂರ್ತಿ ಅರಿವಾಗಲು ಇನ್ನೂ ಎಂಟೊಂಬತ್ತು ವರ್ಷ ಬೇಕಾಯಿತು.

ಕಳ್ಳತನದಷ್ಟೇ ದೊಡ್ಡ ಸಮಸ್ಯೆ ಕಳೆದುಹೋಗುವುದು. ಹಳೆಯ ಬಿಟ್‌ಕಾಯಿನ್ ತಂತ್ರಾಂಶ ನೂರು ಕೀಗಳನ್ನು ಮುಂಗಡವಾಗಿ ತಯಾರಿಸಿಟ್ಟುಕೊಂಡು, ಮುಗಿದಂತೆ ಹೊಸ ಕೀಗಳನ್ನು ಹುಟ್ಟಿಸುತ್ತಿತ್ತು. ಹಿಂದೆಂದೋ ತೆಗೆದಿಟ್ಟ ನಕಲಿನಲ್ಲಿ ಆ ಹೊಸ ಕೀಗಳು ಇರುತ್ತಿರಲಿಲ್ಲ, ಅದನ್ನು ನಂಬಿ ಕೂತವರ ಹಣ ಕೈತಪ್ಪುತ್ತಿತ್ತು. 2012ರಲ್ಲಿ ಪೀಟರ್ ವೂಯ್ಲೆ ಮಂಡಿಸಿದ ಬಿಪ್-32 ಎಂಬ ವಿಧಾನ ಒಂದೇ ಬೀಜಸಂಖ್ಯೆಯಿಂದ ಲೆಕ್ಕವಿಲ್ಲದಷ್ಟು ಕೀಗಳನ್ನು ಕ್ರಮವಾಗಿ ಹೊರತೆಗೆಯುವ ದಾರಿ ತೋರಿಸಿತು. ಬೀಜ ಉಳಿದರೆ ಎಲ್ಲವೂ ಉಳಿಯಿತು. ಮರುವರ್ಷ ಪಲಾಟಿನುಸ್, ರುಸ್ನಾಕ್ ಮತ್ತು ಇನ್ನಿಬ್ಬರು ಸೇರಿ ಬರೆದ ಬಿಪ್-39 ಆ ಬೀಜವನ್ನು ಮನುಷ್ಯರು ಬರೆಯಬಲ್ಲ, ಓದಬಲ್ಲ ಪದಗಳಾಗಿಸಿತು. ಇದರ ಲೆಕ್ಕ ಸೊಗಸಾಗಿದೆ. ಪಟ್ಟಿಯಲ್ಲಿರುವುದು 2048 ಪದ, ಅಂದರೆ ಒಂದು ಪದಕ್ಕೆ ಹನ್ನೊಂದು ಬಿಟ್. ಇಪ್ಪತ್ನಾಲ್ಕು ಪದಕ್ಕೆ 264 ಬಿಟ್. ಅದರಲ್ಲಿ 256 ಬಿಟ್ ಗುಟ್ಟು, ಉಳಿದ ಎಂಟು ಬಿಟ್ ತಪ್ಪು ಹಿಡಿಯಲು. ಮನಸ್ಸಿಗೆ ಬಂದ ಇಪ್ಪತ್ನಾಲ್ಕು ಪದ ಜೋಡಿಸಿದರೆ 256ರಲ್ಲಿ ಒಂದು ಸಲ ಮಾತ್ರ ಅದು ಸರಿಯಾದ ಸಾಲಾಗಬಹುದು. ಬರೆಯುವಾಗ ಒಂದು ಪದ ತಪ್ಪಿದ್ದರೆ ಮರಳಿ ಹಾಕುವಾಗ ಸಾಧನ ಬಹುತೇಕ ಖಚಿತವಾಗಿ ತಪ್ಪೆಂದು ಹೇಳುವುದು ಇದರಿಂದಲೇ. ಇಂಗ್ಲಿಷ್ ಪಟ್ಟಿಯ ಪ್ರತಿ ಪದವೂ ಮೊದಲ ನಾಲ್ಕು ಅಕ್ಷರದಲ್ಲೇ ಉಳಿದವುಗಳಿಂದ ಬೇರೆಯಾಗುವಂತೆ ಆಯ್ದದ್ದು. ಮಸಿ ಮಾಸಿದರೂ ಮೊದಲ ನಾಲ್ಕು ಅಕ್ಷರ ಉಳಿದರೆ ಸಾಕು. ಅದೇ 2013ರಲ್ಲಿ ವೇಲ್ಸ್‌ನ ನ್ಯೂಪೋರ್ಟ್‌ನಲ್ಲಿ ಜೇಮ್ಸ್ ಹೊವೆಲ್ಸ್ ಎಂಬುವವರ ಸುಮಾರು 8,000 ಬಿಟ್‌ಕಾಯಿನ್‌ನ ಕೀ ಇದ್ದ ಹಾರ್ಡ್ ಡಿಸ್ಕ್ ಕಸದ ಜೊತೆ ಊರಿನ ತಿಪ್ಪೆ ಸೇರಿತು. ಅದನ್ನು ಅಗೆದು ಹುಡುಕಲು ಅವರು ವರ್ಷಗಟ್ಟಲೆ ಹೋರಾಡಿದರು, 2025ರ ಜನವರಿಯಲ್ಲಿ ಅವರ ದಾವೆಯನ್ನು ಅಲ್ಲಿನ ಹೈಕೋರ್ಟ್ ತಳ್ಳಿಹಾಕಿತು. ಇಪ್ಪತ್ನಾಲ್ಕು ಪದಗಳನ್ನು ಕಾಗದದಲ್ಲಿ ಬರೆದು ಇನ್ನೊಂದು ಮನೆಯಲ್ಲಿಡುವ ರೂಢಿ ಆಗ ಇದ್ದಿದ್ದರೆ ಆ ಡಿಸ್ಕ್ ತಿಪ್ಪೆಯಲ್ಲೇ ಇರಬಹುದಿತ್ತು.

ಕಂಪ್ಯೂಟರನ್ನು ನಂಬಬೇಡ ಎಂಬ ಮೂಲ ಸೂತ್ರ ಮೊದಲ ಟ್ರೆಜರ್‌ನ ಪಿನ್ ಹಾಕುವ ರೀತಿಯಲ್ಲಿ ಅಚ್ಚುಕಟ್ಟಾಗಿ ಕಾಣುತ್ತದೆ. ಸಾಧನಕ್ಕಿದ್ದದ್ದು ಎರಡೇ ಗುಂಡಿ, ಹಾಗಾಗಿ ಪಿನ್ ಅನ್ನು ಕಂಪ್ಯೂಟರಿನಲ್ಲೇ ಹಾಕಬೇಕು. ಆದರೆ ಕಂಪ್ಯೂಟರಿನ ಪರದೆಯಲ್ಲಿ ಮೂರು ಸಾಲು ಮೂರು ಕಂಬದ ಒಂಬತ್ತು ಮನೆಗಳಷ್ಟೇ ಕಾಣುತ್ತವೆ, ಅಂಕಿಗಳು ಇಲ್ಲ. ಯಾವ ಮನೆಯಲ್ಲಿ ಯಾವ ಅಂಕಿ ಎಂಬುದನ್ನು ಸಾಧನ ತನ್ನ ಪರದೆಯಲ್ಲಿ ತೋರಿಸುತ್ತದೆ, ಅದೂ ಪ್ರತಿ ಸಲ ಕಲಸಿ. ಬಳಕೆದಾರ ಕೈಯಲ್ಲಿರುವ ಸಾಧನ ನೋಡುತ್ತ ಕಂಪ್ಯೂಟರಿನ ಖಾಲಿ ಮನೆ ಒತ್ತುತ್ತಾನೆ. ಕಂಪ್ಯೂಟರಿನಲ್ಲಿ ಯಾರೇ ಅಡಗಿದ್ದರೂ ಅವರಿಗೆ ಸಿಗುವುದು ಅರ್ಥವಿಲ್ಲದ ಕ್ಲಿಕ್ಕುಗಳು. ಪಿನ್ ತಪ್ಪಿದಷ್ಟೂ ಕಾಯುವ ಹೊತ್ತು ದ್ವಿಗುಣವಾಗುತ್ತ ಹೋಗುತ್ತದೆ. ಲೆಡ್ಜರ್ ಆದರೆ ಮೂರು ತಪ್ಪಿಗೆ ತನ್ನೊಳಗಿನದನ್ನೆಲ್ಲ ಅಳಿಸಿಕೊಳ್ಳುತ್ತದೆ. ಪದಗಳನ್ನು ಸಾಧನವೇ ಹುಟ್ಟಿಸಬೇಕು, ನಾವು ಆಯ್ದುಕೊಳ್ಳಬಾರದು ಎಂಬ ನಿಯಮಕ್ಕೂ ಪೂರ್ವಚರಿತ್ರೆ ಇದೆ. 2013ರ ಆಗಸ್ಟ್‌ನಲ್ಲಿ ಆಂಡ್ರಾಯ್ಡ್ ಫೋನುಗಳ ಯಾದೃಚ್ಛಿಕ ಸಂಖ್ಯೆ ಹುಟ್ಟಿಸುವ ಭಾಗದಲ್ಲಿ ದೋಷ ಕಂಡುಬಂದು ಹಲವರ ಬಿಟ್‌ಕಾಯಿನ್ ಕಳವಾಯಿತು. ತಲೆಯಲ್ಲೇ ಇಟ್ಟುಕೊಳ್ಳೋಣವೆಂದು ನೆಚ್ಚಿನ ಸಾಲುಗಳಿಂದ ಕೀ ಮಾಡಿಕೊಂಡವರದ್ದಂತೂ ಇನ್ನೂ ಸುಲಭವಾಗಿ ಹೋಯಿತು. ಮನುಷ್ಯನ ಮನಸ್ಸಿಗೆ ಹೊಳೆಯುವ ವಾಕ್ಯ ಕಳ್ಳನ ಯಂತ್ರಕ್ಕೂ ಹೊಳೆಯುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ: ಸಾಧನವನ್ನೇ ಒಡೆಯಬಹುದಲ್ಲ? ನಿಜ, ಒಡೆದಿದ್ದಾರೆ. 2018ರ ಡಿಸೆಂಬರಿನಲ್ಲಿ ಜರ್ಮನಿಯ ಒಂದು ಸಮ್ಮೇಳನದಲ್ಲಿ ಮೂವರು ಸಂಶೋಧಕರು ಹೆಸರಾಂತ ವಾಲೆಟ್‌ಗಳ ದೌರ್ಬಲ್ಯಗಳನ್ನು ವೇದಿಕೆಯ ಮೇಲೆಯೇ ತೋರಿಸಿದರು. 2020ರ ಜನವರಿಯಲ್ಲಿ ಕ್ರಿಪ್ಟೊ ಕೊಳ್ಳುವ ಮಾರುವ ಕ್ರಾಕೆನ್ ಎಕ್ಸ್‌ಚೇಂಜಿನ ಭದ್ರತಾ ತಂಡ, ಟ್ರೆಜರ್ ಕೈಗೆ ಸಿಕ್ಕರೆ ಸುಮಾರು ಹದಿನೈದು ನಿಮಿಷದಲ್ಲಿ ಚಿಪ್‌ನ ವಿದ್ಯುತ್ತನ್ನು ಏರುಪೇರು ಮಾಡಿ ಬೀಜವನ್ನು ಹೊರತೆಗೆಯಬಹುದೆಂದು ಪ್ರಕಟಿಸಿತು. ಅಮೆರಿಕದ ಎಂಜಿನಿಯರ್ ಜೋ ಗ್ರ್ಯಾಂಡ್ ಅದೇ ಬಗೆಯ ಕೈಚಳಕದಿಂದ, ಪಿನ್ ಮರೆತು ಕೂತಿದ್ದ ಮಾಲೀಕನಿಗೇ ಸುಮಾರು ಇಪ್ಪತ್ತು ಲಕ್ಷ ಡಾಲರ್ ಬೆಲೆಯ ಟೋಕನ್ನುಗಳನ್ನು ಬಿಡಿಸಿಕೊಟ್ಟರು. ಆದರೆ ಇವೆಲ್ಲಕ್ಕೂ ಸಾಧನ ಕೈಯಲ್ಲಿರಬೇಕು, ಪರಿಣತಿ ಬೇಕು, ಪ್ರಯೋಗಾಲಯದ ಸಲಕರಣೆ ಬೇಕು. ಪದಗಳ ಜೊತೆ ತಲೆಯಲ್ಲಿ ಮಾತ್ರ ಇರುವ ಒಂದು ಪಾಸ್‌ಫ್ರೇಸ್ ಸೇರಿಸಿದ್ದರೆ ಬೀಜ ಸಿಕ್ಕರೂ ಹಣ ಸಿಗದು, ಏಕೆಂದರೆ ಅದು ಸಾಧನದಲ್ಲಿ ಉಳಿಯುವುದೇ ಇಲ್ಲ. ಕಳ್ಳರು ಇದಕ್ಕಿಂತ ಅಗ್ಗದ ದಾರಿ ಕಂಡುಕೊಂಡರು. 2017–18ರಲ್ಲಿ ಆನ್‌ಲೈನ್ ಹರಾಜಿನಲ್ಲಿ ಮರುಮಾರಾಟವಾದ ಸಾಧನದ ಜೊತೆ ಕೆರೆದರೆ ಪದಗಳು ಕಾಣುವ ಕಾರ್ಡ್ ಬಂತು. ಕೊಂಡವರು ಆ ಪದಗಳನ್ನೇ ಬಳಸಿದರು, ಮಾರಿದವನು ಹಣ ಸೇರುವವರೆಗೆ ಕಾದು ಎತ್ತಿಕೊಂಡ. 2020ರಲ್ಲಿ ಲೆಡ್ಜರ್ ಕಂಪನಿಯ ಗ್ರಾಹಕರ ಪಟ್ಟಿ ಸೋರಿತು: ಸುಮಾರು ಹತ್ತು ಲಕ್ಷ ಇಮೇಲ್, ಸುಮಾರು 2.72 ಲಕ್ಷ ಜನರ ಹೆಸರು, ಮನೆ ವಿಳಾಸ, ಫೋನ್ ನಂಬರ್. ಅದರ ಬೆನ್ನಿಗೆ ಮೋಸದ ಸಂದೇಶಗಳು ಬಂದವು, 2021ರಲ್ಲಿ ಕೆಲವರ ಮನೆಗೆ ಕಂಪನಿಯ ಹೆಸರಿನ ಪತ್ರದೊಂದಿಗೆ ನಕಲಿ ಸಾಧನಗಳೇ ಅಂಚೆಯಲ್ಲಿ ಬಂದವು. ಹಳೆಯ ಪದಗಳನ್ನು ಹೊಸದಕ್ಕೆ ಹಾಕಿ ಎಂಬುದು ಆ ಪತ್ರದ ಸೂಚನೆ. ಒಂದು ಚಿಪ್ ಕೂಡ ಒಡೆಯಲಿಲ್ಲ, ಆದರೂ ಹಣ ಹೋಯಿತು. ಪದಗಳನ್ನು ಕಂಪನಿಯವರಿಗೂ ಹೇಳಬೇಡಿ ಎಂದು ಎಚ್ಚರಿಸುವುದು ಈ ಕಾರಣಕ್ಕೆ.

ಇಷ್ಟೆಲ್ಲ ತಲೆನೋವು ಏಕೆ, ಎಕ್ಸ್‌ಚೇಂಜಿನಲ್ಲೇ ಬಿಟ್ಟರಾಯಿತು ಎನ್ನುವವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಸಣ್ಣ ಮೊತ್ತ ಇರುವವರು, ಕಾಗದಪತ್ರ ಜೋಪಾನ ಮಾಡುವ ಅಭ್ಯಾಸ ಇಲ್ಲದವರು ತಮ್ಮದೇ ಕೈಯಿಂದ ಕಳೆದುಕೊಳ್ಳುವ ಸಾಧ್ಯತೆ ಹೆಚ್ಚು. ಆದರೆ ಒಪ್ಪಿಸಿದ ಕಡೆಯೂ ಸುಭದ್ರವಲ್ಲ ಎಂಬುದಕ್ಕೆ ಚರಿತ್ರೆ ಸಾಕ್ಷಿ. ಟೋಕಿಯೊದ ಮೌಂಟ್ ಗಾಕ್ಸ್ ಎಕ್ಸ್‌ಚೇಂಜ್ 2014ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಿದಾಗ ಕಾಣೆಯಾದದ್ದು 8.5 ಲಕ್ಷ ಬಿಟ್‌ಕಾಯಿನ್, ಅದರಲ್ಲಿ 7.5 ಲಕ್ಷ ಗ್ರಾಹಕರದ್ದು. ಆಮೇಲೆ ಸುಮಾರು ಎರಡು ಲಕ್ಷ ಸಿಕ್ಕಿತು. ಕೆನಡಾದ ಕ್ವಾಡ್ರಿಗಾ ಸಂಸ್ಥೆಯ ಮುಖ್ಯಸ್ಥ 2018ರ ಡಿಸೆಂಬರಿನಲ್ಲಿ ನಮ್ಮ ಜೈಪುರದಲ್ಲಿ ತೀರಿಕೊಂಡಾಗ, ಕೀಗಳೆಲ್ಲ ಅವರೊಬ್ಬರ ಬಳಿಯೇ ಇದ್ದವು ಎಂದು ಸಂಸ್ಥೆ ಹೇಳಿತು. ತೆರೆದು ನೋಡಿದರೆ ಹಣ ಇರಬೇಕಾದ ವಾಲೆಟ್‌ಗಳು ತಿಂಗಳುಗಳ ಹಿಂದೆಯೇ ಬರಿದಾಗಿದ್ದವು, ನಡೆದದ್ದು ವಂಚನೆ ಎಂದು ಒಂಟಾರಿಯೊದ ನಿಯಂತ್ರಕರು 2020ರಲ್ಲಿ ತೀರ್ಮಾನಿಸಿದರು. ಭಾರತದಲ್ಲಿ 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಕ್ರಿಪ್ಟೊ ವ್ಯವಹಾರಕ್ಕೆ ಬ್ಯಾಂಕುಗಳ ಬಾಗಿಲು ಮುಚ್ಚಿತು. ಬೆಂಗಳೂರಿನ ಯುನೋಕಾಯಿನ್ ಎಕ್ಸ್‌ಚೇಂಜ್ ಅದೇ ವರ್ಷದ ಅಕ್ಟೋಬರಿನಲ್ಲಿ ನಗರದ ಒಂದು ಮಾಲ್‌ನಲ್ಲಿ ನಗದು ಹಾಕಿ ತೆಗೆಯುವ ಯಂತ್ರ ಇಟ್ಟಾಗ ಪೊಲೀಸರು ಅದನ್ನು ವಶಪಡಿಸಿಕೊಂಡು ಸಂಸ್ಥಾಪಕರನ್ನು ಬಂಧಿಸಿದರು; ಕೆಲವು ಎಕ್ಸ್‌ಚೇಂಜುಗಳು ವ್ಯವಹಾರವನ್ನೇ ನಿಲ್ಲಿಸಿದವು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಸುತ್ತೋಲೆಯನ್ನು ರದ್ದುಮಾಡುವವರೆಗೆ, ನಾಣ್ಯ ತನ್ನ ಕೀಯಲ್ಲಿದೆಯೋ ಬೇರೆಯವರ ಕೀಯಲ್ಲಿದೆಯೋ ಎಂಬುದು ಇಲ್ಲಿಯ ಗ್ರಾಹಕನಿಗೆ ಬರಿಯ ತತ್ವದ ಪ್ರಶ್ನೆಯಾಗಿರಲಿಲ್ಲ.

ನನ್ನ ವಾದಕ್ಕೆ ಎದುರಾಗುವ ಗಟ್ಟಿ ಆಕ್ಷೇಪ ಬೇರೆ. 2024ರ ಜುಲೈ 18ರಂದು ಭಾರತದ ವಜೀರ್‌ಎಕ್ಸ್ ಎಕ್ಸ್‌ಚೇಂಜ್ ಸುಮಾರು 23 ಕೋಟಿ ಡಾಲರ್ ಕಳೆದುಕೊಂಡಿತು; 2025ರ ಫೆಬ್ರವರಿ 21ರಂದು ಬೈಬಿಟ್ ಎಂಬ ಇನ್ನೊಂದು ಎಕ್ಸ್‌ಚೇಂಜ್ ಸುಮಾರು 150 ಕೋಟಿ ಡಾಲರ್ ಕಳೆದುಕೊಂಡಿತು. ಎರಡೂ ಕಡೆ ಹಲವರು ಸೇರಿ ಸಹಿ ಹಾಕುವ ವ್ಯವಸ್ಥೆ ಇತ್ತು, ಸಹಿ ಹಾಕಿದವರು ಬಳಸಿದ್ದು ಹಾರ್ಡ್‌ವೇರ್ ವಾಲೆಟ್. ಹಾಗಾದರೆ ಸಾಧನವೇ ಸೋತಂತಲ್ಲವೇ? ಕೀ ಎಲ್ಲಿಯೂ ಹೊರಬರಲಿಲ್ಲ ಎಂಬುದನ್ನು ಮೊದಲು ನೋಡಬೇಕು. ಬೈಬಿಟ್ ಪ್ರಕರಣದಲ್ಲಿ ಕಂಪ್ಯೂಟರಿನ ಪರದೆ ತೋರಿಸಿದ್ದು ಮಾಮೂಲಿ ವರ್ಗಾವಣೆ, ಸಾಧನಕ್ಕೆ ಸಹಿಗೆ ಬಂದದ್ದು ಇಡೀ ವಾಲೆಟ್‌ನ ಹತೋಟಿಯನ್ನೇ ಬಿಟ್ಟುಕೊಡುವ ಆದೇಶ. ಸಾಧನದ ಪುಟ್ಟ ಪರದೆಯಲ್ಲಿ ಮನುಷ್ಯರಿಗೆ ಅರ್ಥವಾಗದ ಸಂಕೇತಗಳಷ್ಟೇ ಕಂಡವು, ಗುಂಡಿ ಒತ್ತಿದರು. ಬಿಟ್‌ಕಾಯಿನ್‌ನ ಸರಳ ವರ್ಗಾವಣೆಗೆ ವಿಳಾಸ, ಮೊತ್ತ ಎರಡನ್ನೂ ಸಾಧನದ ಪರದೆಯಲ್ಲಿ ನೋಡಿ ತಾಳೆ ಹಾಕಬಹುದು. ಇಥೀರಿಯಮ್ ಎಂಬ ಇನ್ನೊಂದು ಕ್ರಿಪ್ಟೊ ಜಾಲದ ಜಟಿಲ ಒಪ್ಪಂದಗಳಿಗೆ ಆ ಸೌಲಭ್ಯ ಇನ್ನೂ ಪೂರ್ತಿ ಬಂದಿಲ್ಲ. ಓದಲಾಗದ್ದಕ್ಕೆ ಸಹಿ ಹಾಕಿದರೆ ಯಾವ ಚಿಪ್ ಏನು ಮಾಡೀತು? ಆದ್ದರಿಂದ ಈ ಎರಡು ಘಟನೆಗಳು ನಡವಳಿಕೆಯ ಪಟ್ಟಿಗೆ ಇನ್ನೊಂದು ನಿಯಮ ಸೇರಿಸಿದವು ಎಂದೇ ನಾನು ಎಣಿಸುತ್ತೇನೆ: ಸಾಧನದ ಪರದೆ ಸ್ಪಷ್ಟವಾಗಿ ಹೇಳದ ಯಾವುದಕ್ಕೂ ಒಪ್ಪಿಗೆ ಕೊಡಬಾರದು. 2023ರ ಮೇ ತಿಂಗಳಲ್ಲಿ ಲೆಡ್ಜರ್ ಕಂಪನಿ ಬೀಜವನ್ನು ತುಂಡುಮಾಡಿ ಮೂರು ಸಂಸ್ಥೆಗಳಲ್ಲಿ ಕಾದಿಡುವ ಐಚ್ಛಿಕ ಸೇವೆ ಪ್ರಕಟಿಸಿದಾಗ ಬಳಕೆದಾರರು ಸಿಟ್ಟಾದದ್ದು ಕೂಡ ಸಕಾರಣ. ಕೀ ಸಾಧನ ಬಿಟ್ಟು ಹೊರಬರಲಾರದು ಎಂದು ನಂಬಿದ್ದವರಿಗೆ, ಸಾಧನದೊಳಗಿನ ತಂತ್ರಾಂಶವಾದ ಫರ್ಮ್‌ವೇರ್ ಬದಲಾದರೆ ಬರಬಲ್ಲದು ಎಂಬುದು ಅಂದು ತಿಳಿಯಿತು. ಮುಚ್ಚಿದ ಪುಸ್ತಕವನ್ನು ನಂಬುವುದಕ್ಕೆ ಇರುವ ಬೆಲೆ ಅದು.

ಉಳಿದದ್ದು ಮಾಲೀಕನ ನಂತರದ ಪ್ರಶ್ನೆ, ಇದರ ಚರಿತ್ರೆ ಈಗಷ್ಟೇ ಶುರುವಾಗಿದೆ. 1979ರಲ್ಲಿ ಆದಿ ಶಮೀರ್ ಒಂದು ಗುಟ್ಟನ್ನು ಹಲವು ಪಾಲು ಮಾಡಿ, ನಿಗದಿತ ಸಂಖ್ಯೆಯ ಪಾಲುಗಳು ಕೂಡಿದಾಗ ಮಾತ್ರ ತೆರೆದುಕೊಳ್ಳುವಂಥ ಗಣಿತ ಕೊಟ್ಟಿದ್ದರು. ನಲವತ್ತು ವರ್ಷದ ಮೇಲೆ, 2019ರಲ್ಲಿ, ಟ್ರೆಜರ್ ಸಾಧನ ಅದನ್ನು ಪದಗಳ ರೂಪದಲ್ಲಿ ತಂದಿತು: ಐದು ಪಾಲು ಮಾಡಿ ಮನೆಯವರಿಗೆ ಹಂಚಿದರೆ ಯಾವ ಮೂರು ಸೇರಿದರೂ ಸಾಕು, ಎರಡರಿಂದ ಏನೂ ತಿಳಿಯದು. ಆದರೆ ಹಂಚುವ ಪದಗಳು ಇಂಗ್ಲಿಷ್. ಬಿಪ್-39ರ ಅಧಿಕೃತ ಪಟ್ಟಿಗಳು ಜಪಾನಿ, ಕೊರಿಯನ್, ಸ್ಪ್ಯಾನಿಷ್, ಫ್ರೆಂಚ್, ಝೆಕ್ ಮುಂತಾದವುಗಳಲ್ಲಿ ಇವೆ, ಭಾರತದ ಯಾವ ಭಾಷೆಯಲ್ಲೂ ಇಲ್ಲ. ಕನ್ನಡ ಪಟ್ಟಿ ಬೇಕೆಂದು ಅನ್ನಿಸುವುದು ನ್ಯಾಯವೇ, ಆದರೂ ಸದ್ಯಕ್ಕೆ ಅದನ್ನು ಬೇಡುವುದು ಜಾಣತನವಲ್ಲ. ಬಹುಪಾಲು ಸಾಧನಗಳು ಇಂಗ್ಲಿಷ್ ಪಟ್ಟಿಯನ್ನಷ್ಟೇ ಗುರುತಿಸುತ್ತವೆ, ಒಂದೇ ಕಂಪನಿಯ ಸಾಧನಕ್ಕೆ ಕಟ್ಟುಬಿದ್ದ ಪದಗಳು ಆ ಕಂಪನಿ ಮುಚ್ಚಿದ ದಿನ ಅನಾಥವಾಗುತ್ತವೆ. ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದಿಡುವುದೂ ಅಪಾಯ, ಮರಳಿ ಹಾಕುವವರಿಗೆ ಕಾಗುಣಿತ ಊಹಿಸುವ ಕೆಲಸ ಬೀಳುತ್ತದೆ. ಪದಗಳು ಇಂಗ್ಲಿಷ್ ಅಕ್ಷರದಲ್ಲೇ, ಬಿಡಿಬಿಡಿಯಾಗಿ, ಅಂಕಿಯ ಜೊತೆ ಇರಲಿ. ಅದರಿಂದ ದೂರ, ಬೇರೆ ಜಾಗದಲ್ಲಿ, ಮನೆಯ ಹಿರಿಯರೂ ಓದಬಲ್ಲ ಕನ್ನಡದಲ್ಲಿ ಒಂದು ಪತ್ರ ಇರಲಿ: ಇದು ಯಾವ ಸಾಧನ, ಇದರಲ್ಲಿ ಯಾವ ಯಾವ ನಾಣ್ಯ, ಪಾಸ್‌ಫ್ರೇಸ್ ಇದೆಯೋ ಇಲ್ಲವೋ, ಇದ್ದರೆ ಯಾರ ಬಳಿ, ಯಾರನ್ನು ನಂಬಿ ಸಹಾಯ ಕೇಳಬಹುದು, ಯಾರಿಗೆ ಪದಗಳನ್ನು ತೋರಿಸಬಾರದು. ಆ ಪತ್ರದಲ್ಲಿ ಇಪ್ಪತ್ನಾಲ್ಕರಲ್ಲಿ ಒಂದು ಪದವೂ ಇರಬಾರದು.